ಬ್ರೇಕ್ ಇಲ್ಲದ ಗಾಡಿ, ಸ್ವಂತ ಜಾಗ ಇಲ್ಲದ ಕ್ಲಬ್

ಬ್ರಿಟನ್ನಿನಲ್ಲಿ ಸ್ಪೀಡ್‌ವೇ, ಅಂದರೆ ಮಣ್ಣಿನ ಟ್ರ್ಯಾಕಿನ ಮೇಲೆ ನಡೆಯುವ ಬೈಕ್ ರೇಸ್, ನೋಡಬೇಕು ಅಂದರೆ ಭಾನುವಾರಕ್ಕೆ ಕಾಯಬೇಡಿ. ಇಲ್ಲಿ ಒಂದೊಂದು ಕ್ಲಬ್ಬಿಗೂ ಒಂದೊಂದು ದಿನ. ಪೂಲ್ ಬುಧವಾರ, ಶೆಫೀಲ್ಡ್ ಗುರುವಾರ, ಎಡಿನ್‌ಬರೋ ಶುಕ್ರವಾರ, ಬೆರಿಕ್ ಶನಿವಾರ, ಮ್ಯಾಂಚೆಸ್ಟರಿನ ಬೆಲ್ ವ್ಯೂ ಸೋಮವಾರ. ಒಳ್ಳೊಳ್ಳೆ ಸವಾರರೆಲ್ಲ ದುಡ್ಡು ಮಾಡುವುದು ಪೋಲೆಂಡಿನಲ್ಲಿ. ಶುಕ್ರವಾರದಿಂದ ಭಾನುವಾರದವರೆಗೆ ಅವರು ಅಲ್ಲಿಯ ಲೀಗಿನ ಸೊತ್ತು. ಮಂಗಳವಾರ ಸ್ವೀಡನ್. ಮಿಕ್ಕಿದ್ದರಲ್ಲಿ ಸೋಮವಾರ, ಗುರುವಾರ. ಇಲ್ಲಿನ ದೊಡ್ಡ ಲೀಗ್ ಪ್ರೀಮಿಯರ್‌ಶಿಪ್‌ಗೆ ಆ ಎರಡು ದಿನವೇ ಗಟ್ಟಿ. 1981ರಲ್ಲಿ ವೆಂಬ್ಲಿಯಲ್ಲಿ ವಿಶ್ವ ಫೈನಲ್ ನಡೆದಾಗ ಸುಮಾರು 90,000 ಜನ ಸೇರಿದ್ದರು. ಅಂಥ ಆಟ ಈಗ ಪೋಲೆಂಡಿನ ಕ್ಯಾಲೆಂಡರ್ ನೋಡಿಕೊಂಡು ತನ್ನ ದಿನ ಗೊತ್ತುಮಾಡಿಕೊಳ್ಳಬೇಕು. ನನಗಂತೂ ಹೊಟ್ಟೆ ಉರಿಯುತ್ತದೆ.

ಆದರೆ ಪ್ರವಾಸ ಹೊರಡುವವನಿಗೆ ಇದು ಅನುಕೂಲ. ಬುಧವಾರ ದಕ್ಷಿಣದ ಕಡಲತೀರದಲ್ಲಿ ಶುರು ಮಾಡಿ, ಶುಕ್ರವಾರ ಸ್ಕಾಟ್ಲೆಂಡ್ ಮುಟ್ಟಿ, ಸೋಮವಾರ ಮ್ಯಾಂಚೆಸ್ಟರಿಗೆ ಇಳಿದುಬಿಡಬಹುದು. 2024ರ ಬೇಸಿಗೆಯಲ್ಲಿ ಮೈಸೂರಿನಿಂದ ಅಕ್ಕ-ಭಾವ ಬಂದಿದ್ದರು. ಅಕ್ಕನಿಗೆ ಲಂಡನ್ ನೋಡಬೇಕಿತ್ತು. ಭಾವನಿಗೆ ಅರಮನೆ, ಮ್ಯೂಸಿಯಂ ಎಲ್ಲ ಬೇಜಾರು. ಅವರದು ಜೀವನಪೂರ್ತಿ ಗ್ಯಾರೇಜು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳನ್ನು ಬಿಚ್ಚಿ ಜೋಡಿಸಿಯೇ ಮನೆ ಕಟ್ಟಿದವರು. "ಬನ್ನಿ ಭಾವ, ನಿಮಗೆ ಬ್ರೇಕ್ ಇಲ್ಲದ ಬೈಕ್ ತೋರಿಸ್ತೀನಿ" ಅಂದೆ. ಒಂದೇ ಮಾತಿಗೆ ಹೊರಟರು.

ಬುಧವಾರ: ಪೂಲ್

ನಾನಿರುವ ರೆಡಿಂಗ್‌ನಿಂದ ಪೂಲ್‌ಗೆ ಎರಡು ಗಂಟೆ ದಾರಿ. ದಾರಿಯಲ್ಲಿ ಭಾವನಿಗೆ ಪಾಠ. ಒಂದು ರೇಸಿಗೆ ಹೀಟ್ ಅನ್ನುತ್ತಾರೆ. ನಾಲ್ಕು ಜನ, ನಾಲ್ಕು ಸುತ್ತು, ಎಡಗಡೆಗೇ ತಿರುಗುತ್ತಾ ಹೋಗಬೇಕು. ಒಂದು ನಿಮಿಷದಲ್ಲಿ ಮುಗಿಯುತ್ತದೆ. ಮೊದಲು ಬಂದವನಿಗೆ 3, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಒಂದೊಂದು ತಂಡದಿಂದ ಇಬ್ಬಿಬ್ಬರು. ರಾತ್ರಿಗೆ ಒಟ್ಟು 15 ಹೀಟ್. ಗಾಡಿ 500 ಸಿಸಿ, ಒಂದೇ ಸಿಲಿಂಡರ್, ಒಂದೇ ಗೇರ್. ಪೆಟ್ರೋಲ್ ಅಲ್ಲ, ಮೆಥನಾಲ್.

"ಬ್ರೇಕ್ ಇಲ್ಲ ಅಂದ್ರೆ, ಹಿಂದುಗಡೆದೂ ಇಲ್ವಾ?"

"ಎರಡೂ ಇಲ್ಲ ಭಾವ."

"ಮತ್ತೆ ಹೆಂಗೋ ನಿಲ್ಲಿಸ್ತಾರೆ?"

ಅದನ್ನು ಹೇಳಿ ಪ್ರಯೋಜನವಿಲ್ಲ, ನೋಡಬೇಕು. ವಿಂಬೋರ್ನ್ ರೋಡ್ ಕ್ರೀಡಾಂಗಣದಲ್ಲಿ ಮೊದಲ ತಿರುವಿನ ಹತ್ತಿರವೇ ನಿಲ್ಲಿಸಿದೆ. ಪೂಲ್ ಪೈರೇಟ್ಸ್ ಇಲ್ಲಿ ಶುರುವಾಗಿದ್ದು 1948ರಲ್ಲಿ. ಕಡಲ್ಗಳ್ಳರ ಹೆಸರಿಗೆ ತಕ್ಕ ಹಾಗೆ ತಲೆಬುರುಡೆ ಬಾವುಟ, ನೀಲಿ ಬಿಳಿ ಬಣ್ಣ. 2020ರಲ್ಲಿ ಇವರು ತಾವಾಗಿಯೇ ಮೇಲಿನ ಲೀಗ್ ಬಿಟ್ಟು ಕೆಳಗಿನ ಚಾಂಪಿಯನ್‌ಶಿಪ್‌ಗೆ ಇಳಿದರು. ಖರ್ಚು ತೂಗಲಿಲ್ಲ. ಇಳಿದ ಮೇಲೆ 2021, 2022 ಎರಡೂ ವರ್ಷ ಚಾಂಪಿಯನ್. ಕೆಳಗಿಳಿದವರು ಹೀಗೆ ಆಳಿದರೆ ಉಳಿದವರಿಗೆ ಸಿಟ್ಟು ಬರುವುದು ಸಹಜ. ನಾನಾದರೆ ಪೂಲ್‌ನವರನ್ನು ದೂರುವುದಿಲ್ಲ. ಲೆಕ್ಕ ಸರಿಯಾಗಿಟ್ಟುಕೊಂಡು ಬದುಕಿರುವ ಕ್ಲಬ್ ಅದು.

ಏಳೂವರೆಗೆ ಸೈರನ್ ಆಯಿತು. ಸವಾರರು ಬಂದು ರೇಸ್ ಹೊರಡುವ ಗೇಟಿನ ಹತ್ತಿರ ಬೂಟುಗಾಲಲ್ಲಿ ಮಣ್ಣು ಕೆದಕಲು ಶುರು ಮಾಡಿದರು. ಹಿಂದಿನ ಚಕ್ರಕ್ಕೆ ಹಿಡಿತ ಸಿಗಲಿ ಅಂತ ಒಬ್ಬೊಬ್ಬನೂ ತನ್ನ ಸಾಲನ್ನು ಒತ್ತಿ, ಒದ್ದು, ಹದ ಮಾಡುತ್ತಾನೆ. ಇದಕ್ಕೆ ಇಲ್ಲಿಯ ಜನ ಗಾರ್ಡನಿಂಗ್ ಅನ್ನುತ್ತಾರೆ. ಹಸಿರು ದೀಪ ಹತ್ತಿತು. ನಾಲ್ವರೂ ಗೇಟಿಗೆ ಅಡ್ಡ ಕಟ್ಟಿದ ಟೇಪಿನ ಹತ್ತಿರ ಬಗ್ಗಿ ಕುಳಿತರು. ಎಂಜಿನ್ ಕೂಗು ಏರುತ್ತಾ ಹೋಯಿತು. ಟೇಪ್ ಹಾರಿತು.

ಮೊದಲ ತಿರುವಿಗೆ ನಾಲ್ವರೂ ಒಟ್ಟಿಗೇ ಬಂದರು. ಎಡಗಾಲಿಗೆ ಕಬ್ಬಿಣದ ಶೂ ಇರುತ್ತದೆ. ಅದನ್ನು ನೆಲಕ್ಕೆ ಉಜ್ಜುತ್ತಾ, ಹ್ಯಾಂಡಲನ್ನು ಬಲಕ್ಕೆ ತಿರುಗಿಸಿ ಗಾಡಿಯನ್ನು ಎಡಕ್ಕೆ ಒಯ್ಯುತ್ತಾರೆ. ಹಿಂದಿನ ಚಕ್ರ ಜಾರುವುದೇ ಅವರ ಬ್ರೇಕು. ಅದು ಜಾರಿದಾಗ ಶೇಲ್ ಹಾರುತ್ತದೆ. ಶೇಲ್ ಅಂದರೆ ಟ್ರ್ಯಾಕಿಗೆ ಹಾಸುವ ಕಲ್ಲಿನ ಕೆಂಪು ಪುಡಿ. ನೀರು ಕುಡಿದು ಒದ್ದೆಯಾಗಿರುತ್ತದೆ. ಬೇಲಿ ದಾಟಿ ಬಂದು ಭಾವನ ಕನ್ನಡಕ, ಮೀಸೆ, ಕೈಯಲ್ಲಿದ್ದ ಚಿಪ್ಸ್ ಎಲ್ಲದರ ಮೇಲೂ ಬಿತ್ತು. ಅವರು ಒರೆಸಿಕೊಳ್ಳಲೇ ಇಲ್ಲ.

"ಲೋ, ಎಂಜಿನ್ ಮಲಗಿಸಿದ್ದಾರಲ್ಲೋ!" ಅಂದರು.

ಒಂದು ನಿಮಿಷದ ರೇಸಿನಲ್ಲಿ ಅವರು ನೋಡಿದ್ದು ಅದನ್ನ. ಹಿಂದೆ ಸಿಲಿಂಡರ್ ನೆಟ್ಟಗೆ ನಿಂತಿರುತ್ತಿತ್ತು. 1990ರ ದಶಕದಲ್ಲಿ ಎಲ್ಲರೂ ಅದನ್ನು ಮುಂದಕ್ಕೆ ಮಲಗಿಸಿಬಿಟ್ಟರು. ಭಾರ ಕೆಳಗಿಳಿಯುತ್ತದೆ, ತಿರುವಿನಲ್ಲಿ ಗಾಡಿ ಮಾತು ಕೇಳುತ್ತದೆ. ನನಗೆ ಇದು ಗೊತ್ತಾಗಲು ಎಷ್ಟೋ ವರ್ಷ ಬೇಕಾಗಿತ್ತು.

ನಾನು ಈ ಹುಚ್ಚು ಹತ್ತಿಸಿಕೊಂಡಿದ್ದು ರೆಡಿಂಗಿನಲ್ಲೇ. ಕೆಲಸಕ್ಕೆ ಅಂತ ಬಂದ ಹೊಸದರಲ್ಲಿ ಸಹೋದ್ಯೋಗಿಯೊಬ್ಬ ಅಲ್ಲಿನ ಸ್ಮಾಲ್‌ಮೀಡ್ ಟ್ರ್ಯಾಕಿಗೆ ಕರೆದುಕೊಂಡು ಹೋಗಿದ್ದ. 2008ರಲ್ಲಿ ಅದು ಮುಚ್ಚಿತು. ಹೊಸ ಟ್ರ್ಯಾಕ್ ಬರುತ್ತದೆ ಅಂದರು. ಬರಲೇ ಇಲ್ಲ. ಅಂದಿನಿಂದ ನಾನು ಊರಿಲ್ಲದ ಅಭಿಮಾನಿ, ಯಾರ ಊರಲ್ಲಿ ರೇಸ್ ಇದೆಯೋ ಅವರ ಪರ.

ಗುರುವಾರ: ಬ್ರ್ಯಾಂಡನ್, ಆಮೇಲೆ ಶೆಫೀಲ್ಡ್

ಬೆಳಿಗ್ಗೆ ಅಕ್ಕ ಕಟ್ಟಿಕೊಟ್ಟಿದ್ದ ಪುಳಿಯೋಗರೆ ಮುಗಿಸಿ ಉತ್ತರಕ್ಕೆ ಹೊರಟೆವು. ನೇರ ಹೋಗಬಹುದಿತ್ತು. ನಾನು ಕಾವೆಂಟ್ರಿ ಪಕ್ಕದ ಬ್ರ್ಯಾಂಡನ್ ಅನ್ನುವ ಹಳ್ಳಿಗೆ ಕಾರು ತಿರುಗಿಸಿದೆ. ಭಾವ "ಇಲ್ಲೇನು ರೇಸಾ?" ಅಂದರು. ಇಲ್ಲ. ಇತ್ತು.

ಕಾವೆಂಟ್ರಿ ಬೀಸ್ ಕ್ಲಬ್ ಇಲ್ಲಿ ಓಡಿದ್ದು 1928ರಿಂದ. ಆ ವರ್ಷ ಫೆಬ್ರವರಿ 19ರಂದು ಲಂಡನ್ ಹತ್ತಿರ ಎಪಿಂಗ್ ಕಾಡಿನ ಹೈ ಬೀಚ್‌ನಲ್ಲಿ, ಒಂದು ಪಬ್ಬಿನ ಹಿಂದುಗಡೆ, ದೊಡ್ಡ ಜನಜಂಗುಳಿಯ ಮುಂದೆ ರೇಸ್ ನಡೆಯಿತು. ಬ್ರಿಟನ್ನಿನ ಸ್ಪೀಡ್‌ವೇ ತನ್ನ ಹುಟ್ಟುಹಬ್ಬ ಅಂತ ಆಚರಿಸುವುದು ಆ ದಿನವನ್ನೇ. ಆಟ ಆಸ್ಟ್ರೇಲಿಯಾದಿಂದ ಬಂದಿದ್ದು. ಬಂದ ವರ್ಷವೇ ದೇಶವೆಲ್ಲ ಹಬ್ಬಿತು, ಬ್ರ್ಯಾಂಡನ್ ಆ ಮೊದಲ ಬೆಳೆಯದ್ದು. ಬೀಸ್ 2005, 2007, 2010ರಲ್ಲಿ ಲೀಗ್ ಗೆದ್ದವರು. ಸೋತು ಸೊರಗಿ ಮುಚ್ಚಿದ ಕ್ಲಬ್ ಅಲ್ಲ ಅನ್ನುವುದಕ್ಕೆ ಈ ವರ್ಷಗಳನ್ನು ಹೇಳಿದೆ. ಜನ ಬರುತ್ತಿದ್ದರು. ಆದರೆ ಜಾಗ ಕ್ಲಬ್ಬಿನದಲ್ಲ. ಹೊಸ ಮಾಲೀಕರಿಗೆ ಅಲ್ಲಿ ಮನೆ ಕಟ್ಟಬೇಕಿತ್ತು. 2016ರ ಸೀಸನ್ನೇ ಕೊನೆ.

ತಮಾಷೆ ಏನೆಂದರೆ, ಮನೆಯೂ ಏಳಲಿಲ್ಲ. ಅಭಿಮಾನಿಗಳು ಬಿಡಲಿಲ್ಲ, ಅರ್ಜಿ ಮೇಲೆ ಅರ್ಜಿ ಹಾಕಿದರು. 2022ರಲ್ಲಿ ರಗ್ಬಿ ಅನ್ನುವ ಊರಿನ ಕೌನ್ಸಿಲ್ ಮನೆಗಳ ಯೋಜನೆಯನ್ನು ತಿರಸ್ಕರಿಸಿತು. ಅಷ್ಟರಲ್ಲಿ ಪುಂಡರು ಬೆಂಕಿ ಇಟ್ಟು ಇಟ್ಟು ಸ್ಟ್ಯಾಂಡು ಅರ್ಧ ಸುಟ್ಟುಹೋಗಿತ್ತು. ರಸ್ತೆಯಿಂದ ನೋಡಿದರೆ ಬೇಲಿ, ಅದರಾಚೆ ಮುಳ್ಳುಪೊದೆ, ಗೀಚಿದ ಗೋಡೆ. ಭಾವ ಸ್ವಲ್ಪ ಹೊತ್ತು ನೋಡಿ, "ಬಾಡಿಗೆ ಜಾಗದಲ್ಲಿ ಗ್ಯಾರೇಜ್ ಇಟ್ರೆ ಹಿಂಗೇ ಆಗೋದು" ಅಂದು ಕಾರು ಹತ್ತಿದರು. ಎರಡು ಸಲ ಖಾಲಿ ಮಾಡಿಸಿಕೊಂಡ ಅನುಭವ ಅವರಿಗಿದೆ.

ಬ್ರಿಟನ್ನಿನ ಸ್ಪೀಡ್‌ವೇ ಯಾಕೆ ಸಣ್ಣದಾಗುತ್ತಿದೆ ಅಂತ ಕೇಳಿದರೆ ಜನ ನೂರು ಕಾರಣ ಹೇಳುತ್ತಾರೆ. ಟಿವಿ, ಟಿಕೆಟ್ ಬೆಲೆ, ಶಬ್ದ ಕಡಿಮೆ ಮಾಡಿದ ಸೈಲೆನ್ಸರ್, ಇಂದಿನ ಹುಡುಗರಿಗೆ ಆಸಕ್ತಿ ಇಲ್ಲ. ನನ್ನ ಕೇಳಿದರೆ ಕಾರಣ ಒಂದೇ. ಹೆಚ್ಚಿನ ಕ್ಲಬ್‌ಗಳು ಬಾಡಿಗೆದಾರರು. ನೆಲ ನಾಯಿ ರೇಸ್ ಕಂಪನಿಯದೋ, ಮೇಳದ ಮೈದಾನದವರದೋ ಆಗಿರುತ್ತದೆ. ನೆಲದ ಬೆಲೆ ಏರಿದ ದಿನ ಕ್ಲಬ್ ಬೀದಿಗೆ ಬೀಳುತ್ತದೆ. 2023ರ ಕೊನೆಯಲ್ಲಿ ವುಲ್ವರ್‌ಹ್ಯಾಂಪ್ಟನ್, ಪೀಟರ್‌ಬರೋ ಎರಡೂ ಹೀಗೇ ಹೋದವು. ಪೀಟರ್‌ಬರೋ 2021ರ ಚಾಂಪಿಯನ್, ಅದೂ ನೆನಪಿರಲಿ.

ಸಂಜೆ ಶೆಫೀಲ್ಡ್. ಓಲರ್ಟನ್ ಕ್ರೀಡಾಂಗಣ 1929ರದ್ದು, ನಾಯಿ ರೇಸೂ ಇಲ್ಲೇ. ಟ್ರ್ಯಾಕ್ ಉದ್ದ, ತಿರುವು ಅಗಲ. ಪೂಲ್‌ನಲ್ಲಿ ಗುದ್ದಾಡಿದವರು ಇಲ್ಲಿ ಹಾರುತ್ತಾರೆ. ಹಿಂದಿನ ವರ್ಷ, ಅಂದರೆ 2023ರಲ್ಲಿ, ಇಲ್ಲಿನ ತಂಡ ಟೈಗರ್ಸ್ ಮೊದಲ ಸಲ ದೇಶದ ಅತಿ ಮೇಲಿನ ಲೀಗ್ ಗೆದ್ದಿದ್ದರು. ಇನ್ನೂ ಅದರ ಅಮಲು ಇಳಿದಿರಲಿಲ್ಲ. ಜಾಕೆಟ್ಟುಗಳ ಮೇಲೆಲ್ಲ ಹೊಸ ಬ್ಯಾಡ್ಜ್.

ಭಾವ ಅಷ್ಟರಲ್ಲಿ ಪ್ರೋಗ್ರಾಂ ತುಂಬುವುದು ಕಲಿತಿದ್ದರು. ಗೇಟಿನಲ್ಲಿ ಕೊಳ್ಳುವ ಪುಸ್ತಕದಲ್ಲಿ ಪ್ರತಿ ಹೀಟಿಗೂ ಖಾಲಿ ಚೌಕ ಇರುತ್ತದೆ. ರೇಸ್ ಮುಗಿದ ಕೂಡಲೇ ಯಾರಿಗೆ ಎಷ್ಟು ಅಂತ ಬರೆದುಕೊಳ್ಳಬೇಕು. ಇಲ್ಲಿನ ಹಿರಿಯರು ಕ್ಲಿಪ್‌ಬೋರ್ಡ್, ಎರಡು ಪೆನ್ನು, ಥರ್ಮಾಸ್ ಇಲ್ಲದೆ ಬರುವುದೇ ಇಲ್ಲ. ಬರೆಯುತ್ತಾ ಬರೆಯುತ್ತಾ ಭಾವ ನಿಲ್ಲಿಸಿದರು.

"ಇವನು ನೆನ್ನೆ ಪೂಲ್‌ನಲ್ಲಿ ಇರ್ಲಿಲ್ವಾ?"

ಇದ್ದ. ನಿನ್ನೆ ಒಂದು ಬಣ್ಣದ ಜಾಕೆಟ್, ಇವತ್ತು ಇನ್ನೊಂದು. ಒಬ್ಬನೇ ಸವಾರ ಎರಡು ಲೀಗಿನಲ್ಲಿ ಎರಡು ಕ್ಲಬ್ಬಿಗೆ ಓಡಬಹುದು. ಅದಾದರೂ ಹೋಗಲಿ, ಸವಾರರು ಸಾಲುತ್ತಿಲ್ಲ, ಅವರೂ ಬದುಕಬೇಕು. ನನಗೆ ಆಗದೇ ಇರುವುದು ಗೆಸ್ಟ್ ಪದ್ಧತಿ. ತಂಡದವನೊಬ್ಬನಿಗೆ ಗಾಯವಾದರೆ ಅವನಷ್ಟೇ ಸರಾಸರಿ ಅಂಕ ಇರುವ ಬೇರೆ ಕ್ಲಬ್ಬಿನವನನ್ನು ಒಂದು ರಾತ್ರಿಗೆ ಕರೆಸಿಕೊಳ್ಳಬಹುದು. ಹೋದ ವಾರ ನಾವು ಕೂಗಿ ಕೂಗಿ ಬೈದವನು ಈ ವಾರ ನಮ್ಮ ಕಡೆ! ಹೊಸಬರಿಗೆ ಇದನ್ನು ವಿವರಿಸುವಷ್ಟರಲ್ಲಿ ಅವರ ಆಸಕ್ತಿ ಅರ್ಧ ಹೋಗಿರುತ್ತದೆ.

ಇನ್ನೊಂದು, ಅಂಕದ ಮಿತಿ. ಏಳು ಸವಾರರ ಸರಾಸರಿ ಕೂಡಿದರೆ ಇಷ್ಟರೊಳಗೇ ಇರಬೇಕು ಅಂತ ಪ್ರತಿ ಚಳಿಗಾಲ ಒಂದು ಸಂಖ್ಯೆ ಹೊರಬೀಳುತ್ತದೆ. ಚೆನ್ನಾಗಿ ಓಡಿದರೆ ಸರಾಸರಿ ಏರುತ್ತದೆ. ಏರಿದರೆ ಮಿತಿ ಮೀರುತ್ತದೆ. ಗೆದ್ದ ತಂಡವನ್ನು ಒಡೆಯಲೇಬೇಕು. ಭಾವ ಎಲ್ಲ ಕೇಳಿ, "ಪಾಸಾದವರನ್ನ ಸ್ಕೂಲಿಂದ ಓಡಿಸ್ತಾರೆ ಅನ್ನು" ಅಂದರು. ಇದಿಲ್ಲದಿದ್ದರೆ ದುಡ್ಡಿರುವ ಒಂದೆರಡು ಕ್ಲಬ್ ಎಲ್ಲರನ್ನೂ ಕೊಂಡುಕೊಳ್ಳುತ್ತಿದ್ದವು ಅನ್ನುವುದೂ ನಿಜ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ.

ಶುಕ್ರವಾರ: ಆರ್ಮಡೇಲ್

ದಿನವಿಡೀ ಡ್ರೈವಿಂಗ್. ಸ್ಕಾಟ್ಲೆಂಡ್ ಗಡಿ ದಾಟುವಾಗ ಜಿಟಿಜಿಟಿ ಮಳೆ. ಸ್ಪೀಡ್‌ವೇ ಅಭಿಮಾನಿಗೆ ಮಳೆಯೇ ದೊಡ್ಡ ಶತ್ರು. ನೂರಾರು ಮೈಲಿ ಹೋಗಿ ಗೇಟಿನಲ್ಲಿ "ಇವತ್ತು ಇಲ್ಲ" ಅಂತ ಹೇಳಿಸಿಕೊಂಡು ವಾಪಸ್ ಬರುವುದು ಇಲ್ಲಿ ಮಾಮೂಲು.

ಎಡಿನ್‌ಬರೋ ಮೊನಾರ್ಕ್ಸ್ ಓಡುವುದು ಎಡಿನ್‌ಬರೋದಲ್ಲಿ ಅಲ್ಲ. ಗ್ಲಾಸ್ಗೋ ಕಡೆಗೆ ಹೋಗುವ ದಾರಿಯಲ್ಲಿರುವ ಆರ್ಮಡೇಲ್ ಅನ್ನುವ ಸಣ್ಣ ಊರಿನಲ್ಲಿ. ಕಾರಣ ಮತ್ತೆ ಅದೇ ಕಥೆ. ಮೊದಲು ನಗರದ ಮೆಡೋಬ್ಯಾಂಕ್‌ನಲ್ಲಿದ್ದರು. 1970ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಜಾಗ ಬೇಕು ಅಂತ 1967ರಲ್ಲಿ ಎಬ್ಬಿಸಿದರು. ಕೋಟ್‌ಬ್ರಿಜ್‌ಗೆ ಹೋದರು. ನಡುವೆ ಕೆಲವು ವರ್ಷ ಕ್ಲಬ್ಬೇ ಇರಲಿಲ್ಲ. 1977ರಲ್ಲಿ ಪೌಡರ್‌ಹಾಲ್ ಸಿಕ್ಕಿತು, 1995ಕ್ಕೆ ಅದೂ ಹೋಯಿತು. 1997ರಿಂದ ಇಲ್ಲಿದ್ದಾರೆ. ಇಷ್ಟಾದರೂ ಹೆಸರಿನಿಂದ ಎಡಿನ್‌ಬರೋ ಬಿಟ್ಟಿಲ್ಲ.

ನಾವು ಹೋಗುವ ಹೊತ್ತಿಗೆ ಮಳೆ ನಿಂತಿತ್ತು. ಟ್ರ್ಯಾಕ್ಟರ್ ಸುತ್ತು ಹಾಕುತ್ತಾ ಒದ್ದೆ ಮಣ್ಣನ್ನು ಕೆರೆದು ಬದಿಗೆ ತಳ್ಳುತ್ತಿತ್ತು. ಹಿಂದೆಯೇ ನಾಲ್ಕೈದು ಜನ ಸಲಿಕೆ ಹಿಡಿದು ನಡೆಯುತ್ತಿದ್ದರು. ಸಂಬಳದವರಲ್ಲ, ಅಭಿಮಾನಿಗಳೇ. ಒಬ್ಬರ ಟೋಪಿಯ ತುಂಬ ಹಳೇ ಸೀಸನ್ನುಗಳ ಬ್ಯಾಡ್ಜ್. ಮುಕ್ಕಾಲು ಗಂಟೆ ತಡವಾಗಿ ರೇಸ್ ಶುರುವಾಯಿತು. ಮೂರನೇ ತಿರುವಿನಲ್ಲಿ ಒಬ್ಬ ಹುಡುಗ ಜಾರಿ ಗಾಳಿ ತುಂಬಿದ ಬೇಲಿಗೆ ಬಡಿದ. ಕೆಂಪು ದೀಪ. ಎಲ್ಲರೂ ಸುಮ್ಮನಾದರು. ಮಣಿಕಟ್ಟಿಗೆ ಕಟ್ಟಿದ ದಾರ ಕಿತ್ತು ಬಂದರೆ ಎಂಜಿನ್ ತಾನೇ ನಿಲ್ಲುತ್ತದೆ, ಹಾಗಾಗಿ ಗಾಡಿಯೂ ಮೌನ. ಅವನು ಎದ್ದು ಕೈ ಬೀಸಿದ ಮೇಲೆ ಚಪ್ಪಾಳೆ, ಎದುರು ತಂಡದವನಾದರೂ.

ಚಪ್ಪಾಳೆಯ ಹಿಂದೆ ಇತಿಹಾಸವೂ ಇದೆ. 1963ರ ಸೆಪ್ಟೆಂಬರ್‌ನಲ್ಲಿ ಇವರ ಹಳೆಯ ಮೆಡೋಬ್ಯಾಂಕ್‌ನಲ್ಲಿ ಬೆಲ್ ವ್ಯೂನ ಪೀಟರ್ ಕ್ರೇವನ್ ಬಿದ್ದರು. ಮುಂದೆ ಬಿದ್ದಿದ್ದ ಸವಾರನಿಗೆ ಗುದ್ದಬಾರದು ಅಂತ ಗಾಡಿ ತಿರುಗಿಸಿ ಬೇಲಿಗೆ ಬಡಿದರು. ಕೆಲವೇ ದಿನಗಳಲ್ಲಿ ತೀರಿಕೊಂಡರು. 1955, 1962ರ ವಿಶ್ವ ಚಾಂಪಿಯನ್ ಅವರು.

ಶನಿವಾರ: ಬೆರಿಕ್

ಬೆರಿಕ್ ಇಂಗ್ಲೆಂಡಿನ ಉತ್ತರದ ತುತ್ತತುದಿ. ಊರು ಇಂಗ್ಲೆಂಡಿನದು, ಇಲ್ಲಿನ ಫುಟ್‌ಬಾಲ್ ಕ್ಲಬ್ ಆಡುವುದು ಸ್ಕಾಟ್ಲೆಂಡಿನವರ ಜೊತೆ. ಅದೇ ಫುಟ್‌ಬಾಲ್ ಮೈದಾನದ ಸುತ್ತಲೇ ಸ್ಪೀಡ್‌ವೇ ಟ್ರ್ಯಾಕ್, ಶೀಲ್‌ಫೀಲ್ಡ್ ಪಾರ್ಕ್. ಇಲ್ಲಿನ ತಂಡ ಬ್ಯಾಂಡಿಟ್ಸ್ 1968ರಿಂದ ಇದ್ದಾರೆ. 1980ರಲ್ಲಿ ಇವರನ್ನೂ ಹೊರಗೆ ಹಾಕಿದ್ದರು. ಆಮೇಲೆ ಊರಾಚೆ ಬೆರಿಂಗ್ಟನ್ ಲಾಕ್ ಅನ್ನುವ ಬಯಲಿನಲ್ಲಿ ಕಾಲ ಹಾಕಿ, 1995ರಲ್ಲಿ ವಾಪಸ್ ಬಂದರು. ಹೋದ ಜಾಗಕ್ಕೆ ಮರಳಿ ಬಂದ ಕ್ಲಬ್ ಬಹಳ ಅಪರೂಪ.

ಮಧ್ಯಾಹ್ನ ಊರ ಕೋಟೆಗೋಡೆ ಮೇಲೆ ಒಂದು ಸುತ್ತು ಹಾಕಿ ಬೇಗ ಮೈದಾನಕ್ಕೆ ಹೋದೆವು. ಪಾರ್ಕಿಂಗಿನಲ್ಲಿ ಒಬ್ಬ ಅಜ್ಜ ವ್ಯಾನಿನಿಂದ ಹಳೇ ಸ್ಪೀಡ್‌ವೇ ಬೈಕೊಂದನ್ನು ಇಳಿಸುತ್ತಿದ್ದರು. ಸುಮ್ನೆ ಜನ ನೋಡಲಿ ಅಂತ ತಂದಿದ್ದಂತೆ. ಎಂಜಿನ್ ನೆಟ್ಟಗೆ ನಿಂತಿತ್ತು. ಭಾವ ಹತ್ತಿರ ಹೋಗಿ ಬಗ್ಗಿ, ಕೇಸಿನ ಮೇಲಿನ ಅಕ್ಷರ ನೋಡಿ, "ಅಯ್ಯೋ, ಜಾವಾ!" ಅಂದರು.

ಹೌದು, ಅದೇ ಜಾವಾ. ಜೆಕ್ ದೇಶದ ದಿವಿಶೋವ್‌ನಲ್ಲಿ ಎಸೋ ಅಂತ ಒಂದು ಕಂಪನಿ ಸ್ಪೀಡ್‌ವೇ ಗಾಡಿ ಮಾಡುತ್ತಿತ್ತು. 1964ರಲ್ಲಿ ಅದು ಜಾವಾಕ್ಕೆ ಸೇರಿತು. ಅಲ್ಲಿಯವರೆಗೆ ಬ್ರಿಟನ್ನಿನಲ್ಲೆಲ್ಲ ಜೆಎಪಿ ಎಂಜಿನ್ನಿನದೇ ದರ್ಬಾರು. ನಾಲ್ಕು ಸಲ ವಿಶ್ವ ಚಾಂಪಿಯನ್ ಆದ ನ್ಯೂಜಿಲೆಂಡಿನ ಬ್ಯಾರಿ ಬ್ರಿಗ್ಸ್ ಈ ಜೆಕ್ ಗಾಡಿಗಳನ್ನು ತಾವೂ ಓಡಿಸಿ, ಇಲ್ಲಿಗೆ ತರಿಸಿ ಮಾರಿದರು. ಜೆಎಪಿ ಕಾಲ ಮುಗಿಯಿತು. ಈಗ ಹೆಚ್ಚಿನವರ ಹತ್ತಿರ ಇರುವುದು ಇಟಲಿಯ ಜಿಎಂ ಎಂಜಿನ್.

ಭಾವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅಜ್ಜನ ಬೆರಿಕ್ ಉಚ್ಚಾರ ನನಗೇ ಅರ್ಧ ತಿಳಿಯುತ್ತಿರಲಿಲ್ಲ. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಕಾರ್ಬುರೇಟರ್ ಬಿಚ್ಚಿ ಜೆಟ್ ತೋರಿಸಿದ್ದಾಯಿತು. ಮೆಥನಾಲ್ ಜಾಸ್ತಿ ಸುರಿಯಬೇಕು, ಅದಕ್ಕೆ ತೂತು ಇಷ್ಟು ದೊಡ್ಡದು. ಮೈಸೂರಿನ ಜಾವಾ 250 ಸಿಸಿ, ಟೂ ಸ್ಟ್ರೋಕ್; ಇದು 500 ಸಿಸಿ, ಫೋರ್ ಸ್ಟ್ರೋಕ್. ಕುಲ ಒಂದೇ, ಗೋತ್ರ ಬೇರೆ ಅಂತ ಭಾವ ತೀರ್ಮಾನ ಕೊಟ್ಟರು. ಭಾರತದಲ್ಲಿ ಜಾವಾ ತಯಾರಾಗುತ್ತಿತ್ತು, 1996ರವರೆಗೂ ಆ ಕಾರ್ಖಾನೆ ನಡೆಯಿತು ಅನ್ನುವುದನ್ನು ಅಜ್ಜ ನಂಬಲೇ ಇಲ್ಲ. ಭಾವ ಫೋನ್ ತೆಗೆದು ತಮ್ಮ ಗ್ಯಾರೇಜಿನ ಫೋಟೋ ತೋರಿಸಿದ ಮೇಲೆ ನಂಬಿದರು. ಎಂಜಿನ್ ಒಂದು ಸಲ ಶುರು ಮಾಡಿ ಕೇಳಿಸಿದರು. ಕ್ಯಾಸ್ಟರ್ ಎಣ್ಣೆಯ ಸಿಹಿ ವಾಸನೆ ಪಾರ್ಕಿಂಗ್ ತುಂಬ.

ಅವತ್ತಿನ ರೇಸ್ ಸಾಧಾರಣ. ಟೇಪಿನಿಂದ ಮುಂದೆ ಹೋದವನೇ ಗೆಲ್ಲುತ್ತಾ ಹೋದ. ಅಂಥ ರಾತ್ರಿಗಳೂ ಇರುತ್ತವೆ, ಮುಚ್ಚಿಡುವುದೇನು.

ಭಾನುವಾರ

ದಕ್ಷಿಣಕ್ಕೆ ಪ್ರಯಾಣ. ನಿದ್ದೆ, ಬಟ್ಟೆ ಒಗೆದದ್ದು, ಮ್ಯಾಂಚೆಸ್ಟರಿನ ದಕ್ಷಿಣ ಭಾರತದ ಹೋಟೆಲೊಂದರಲ್ಲಿ ದೋಸೆ. ಬರೆಯುವಂಥದ್ದು ಏನಿಲ್ಲ.

ಸೋಮವಾರ: ಬೆಲ್ ವ್ಯೂ

ಬೆಲ್ ವ್ಯೂ ಏಸಸ್ ಬ್ರಿಟನ್ನಿನ ಸ್ಪೀಡ್‌ವೇಯ ದೊಡ್ಡ ಮನೆತನ. 1929ರಿಂದ ಹೈಡ್ ರೋಡ್‌ನಲ್ಲಿ ಇದ್ದರು. 1987ರಲ್ಲಿ ಆ ಕ್ರೀಡಾಂಗಣ ಮಾರಾಟವಾಗಿ ಕಾರು ಹರಾಜಿನವರ ಪಾಲಾಯಿತು. ಪಕ್ಕದ ನಾಯಿ ರೇಸಿನ ಮೈದಾನದಲ್ಲಿ ಬಾಡಿಗೆಗೆ ಸೇರಿದರು. ಇಲ್ಲಿಯವರೆಗೆ ಬ್ರ್ಯಾಂಡನ್‌ನ ಕಥೆಯೇ. ಆಮೇಲೆ ತಿರುವು ಬಂತು. ಮ್ಯಾಂಚೆಸ್ಟರ್ ನಗರಸಭೆ ಮುಂದೆ ಬಂದು ಸ್ಪೀಡ್‌ವೇಗೆಂದೇ ಒಂದು ಕ್ರೀಡಾಂಗಣ ಕಟ್ಟಿಸಿತು. ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂ, 2016. ಮೊದಲ ರಾತ್ರಿಯೇ, ಅದೂ ಪೀಟರ್ ಕ್ರೇವನ್ ನೆನಪಿನ ಪಂದ್ಯ, ಟ್ರ್ಯಾಕ್ ಸರಿಯಿಲ್ಲ ಅಂತ ರದ್ದಾಯಿತು. ಜನ ನಕ್ಕರು. ಈಗ ಇದು ದೇಶದಲ್ಲೇ ಒಳ್ಳೆಯ ಟ್ರ್ಯಾಕ್ ಅಂತ ಎದುರಾಳಿಗಳೂ ಒಪ್ಪುತ್ತಾರೆ. 2021ರಲ್ಲಿ ಬ್ರಿಟನ್ ದೇಶದೇಶಗಳ ನಡುವಿನ ಸ್ಪೀಡ್‌ವೇ ಆಫ್ ನೇಷನ್ಸ್ ಗೆದ್ದಿದ್ದು ಇಲ್ಲೇ. 2022ರಲ್ಲಿ ಏಸಸ್ ಲೀಗ್ ಗೆದ್ದರು, 1993ರ ನಂತರ ಮೊದಲ ಸಲ.

ಒಳಗೆ ಕಾಲಿಟ್ಟ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ. ನಾಯಿ ಓಡುವ ಮರಳಿನ ಪಟ್ಟಿ ಮಧ್ಯೆ ಇಲ್ಲ. ಜನ ಟ್ರ್ಯಾಕಿಗೆ ಅಂಟಿಕೊಂಡೇ ನಿಲ್ಲಬಹುದು. ತಿರುವು ಸ್ವಲ್ಪ ಇಳಿಜಾರು, ಹಾಗಾಗಿ ಹೊರಗಡೆಯಿಂದಲೂ ದಾರಿ ಸಿಗುತ್ತದೆ. ಮಕ್ಕಳೂ ಇದ್ದರು. ಆರ್ಮಡೇಲ್‌ನಲ್ಲಿ ನಮ್ಮ ಸುತ್ತ ಬರೀ ಬಿಳಿ ತಲೆ ಇತ್ತು.

ಅವತ್ತಿನ ಒಂದು ಹೀಟ್ ಹೇಳಿಬಿಡುತ್ತೇನೆ. ಏಸಸ್‌ನವನು ಟೇಪಿನಿಂದ ಕೊನೆಯವನಾಗಿ ಹೊರಟ. ಎರಡನೇ ಸುತ್ತಿಗೆ ಒಳಗಡೆ ಜಾಗವೇ ಇಲ್ಲ. ಅವನು ಬೇಲಿಯ ಬದಿಗೆ ಹೋದ. ಅಲ್ಲಿ ಹಿಂದಿನ ಹೀಟುಗಳಲ್ಲಿ ಹಾರಿದ ಶೇಲ್ ಗುಡ್ಡೆಯಾಗಿ ಕೂತಿರುತ್ತದೆ. ಧೈರ್ಯ ಇದ್ದವನಿಗೆ ಹಿಡಿತ ಅಲ್ಲೇ ಜಾಸ್ತಿ. ಬೇಲಿಗೂ ಅವನ ಹ್ಯಾಂಡಲಿಗೂ ಒಂದು ಗೇಣು. ಥ್ರಾಟಲ್ ಬಿಡಲೇ ಇಲ್ಲ. ಒಬ್ಬನನ್ನು ದಾಟಿದ, ಮುಂದಿನ ತಿರುವಿನಲ್ಲಿ ಇನ್ನೊಬ್ಬನನ್ನು. ಕೊನೆಯ ತಿರುವಿನಿಂದ ಹೊರಬರುವಾಗ ಮುಂದಿದ್ದವನ ಪಕ್ಕಕ್ಕೆ ಬಂದು, ಗೆರೆಯ ಮೇಲೆ ಅರ್ಧ ಚಕ್ರ ಮುಂದೆ. ಭಾವ ಪ್ರೋಗ್ರಾಂ ಕೆಳಗೆ ಬೀಳಿಸಿದ್ದರು. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸೊಬ್ಬರು ನನ್ನ ಭುಜ ಹಿಡಿದು ಕುಲುಕುತ್ತಿದ್ದರು.

ಆಟದಲ್ಲಿ ಏನೂ ಕೆಟ್ಟಿಲ್ಲ ಅಂತ ನಾನು ವಾದಿಸುವುದು ಇಂಥದ್ದನ್ನು ನೋಡಿಯೇ. ಈ ಟ್ರ್ಯಾಕ್ ನಗರಸಭೆಯದು, ಕ್ಲಬ್ಬಿನದಲ್ಲ, ನಾಳೆ ಏನೋ ಎತ್ತಲೋ. ಆದರೂ ಸ್ಪೀಡ್‌ವೇಗೆಂದೇ ಕಟ್ಟಿದ ನೆಲ. ಇಂಥದ್ದು ಇನ್ನೊಂದೆರಡು ಕಡೆ ಆಗಿದ್ದರೆ ಕಾವೆಂಟ್ರಿಯವರು ಇಂದು ಬೇಲಿ ಹೊರಗೆ ನಿಲ್ಲುತ್ತಿರಲಿಲ್ಲ.

ರಾತ್ರಿ ಎಂ6 ಹೆದ್ದಾರಿ ಹಿಡಿದು ವಾಪಸ್. ವುಲ್ವರ್‌ಹ್ಯಾಂಪ್ಟನ್ ಬೋರ್ಡ್ ಬಂದಾಗ, ಇಲ್ಲೂ ಸೋಮವಾರವೇ ರೇಸ್ ಇರುತ್ತಿತ್ತು ಅಂದೆ. ಭಾವ ನಿದ್ದೆ ಮಾಡಿದ್ದಾರೆ ಅಂದುಕೊಂಡಿದ್ದೆ, ಮಾಡಿರಲಿಲ್ಲ. ಮೊಬೈಲ್ ಬೆಳಕಿನಲ್ಲಿ ಪ್ರೋಗ್ರಾಮಿನ ಹಿಂದಿನ ಪುಟ ನೋಡುತ್ತಿದ್ದರು.

"ಈ ಇಪ್ಸ್‌ವಿಚ್ ಎಲ್ಲಿ ಬರುತ್ತೋ? ಗುರುವಾರ ಅಂತ ಹಾಕಿದ್ದಾನೆ."

"ಮನೆಯಿಂದ ಮೂರು ಗಂಟೆ ಆಗುತ್ತೆ ಭಾವ. ಆದ್ರೆ ಗುರುವಾರ ಅಕ್ಕನಿಗೆ ವಿಂಡ್ಸರ್ ತೋರಿಸ್ತೀನಿ ಅಂದಿದ್ದೀವಲ್ಲ."

"ವಿಂಡ್ಸರ್ ಬೆಳಿಗ್ಗೆ ನೋಡಣ. ನಿಮ್ಮಕ್ಕನ್ನೂ ಕರ್ಕೊಂಡೇ ಹೋಗಣ, ಕೊಡೆ ತಗೊಂಡ್ ಬಾ ಅಂತ ಹೇಳು. ಮಣ್ಣು ಹಾರತ್ತೆ ಅಂತ ಮಾತ್ರ ಈಗ್ಲೇ ಹೇಳ್ಬೇಡ."